ವಿದೇಶಿ ಹೂಡಿಕೆ, ಪ್ರಾದೇಶಿಕ ಕಾನೂನು, ಮಾನವ ಹಕ್ಕು: ಮೈಸೂರು–ಮಂಡ್ಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೈಗಾರಿಕೆಗೆ ಜಮೀನು ಗುರುತಿಸಿದ್ದಾರೆ ಎಂಬ ಸುದ್ದಿ ಹರಡಿದ ಕೂಡಲೇ ಮದ್ದೂರು, ನಂಜನಗೂಡು, ಶ್ರೀರಂಗಪಟ್ಟಣದ ಕಡೆಯ ರೈತರಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ. ಮೈಸೂರಿನ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಅದೇ ವಿಷಯವನ್ನು ಬೇರೆ ತುದಿಯಿಂದ ಹಿಡಿದು ಕೇಳುತ್ತಾರೆ. ಒಬ್ಬರಿಗೆ ಪಹಣಿಯ ಚಿಂತೆ, ಇನ್ನೊಬ್ಬರಿಗೆ ಅಂತರರಾಷ್ಟ್ರೀಯ ಒಪ್ಪಂದದ ಕುತೂಹಲ. ಎರಡೂ ಒಂದೇ ವಿಷಯದ ಎರಡು ಮುಖಗಳಾದ್ದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇನೆ.

ಹೊರದೇಶದ ಕಂಪನಿ ನಮ್ಮ ಜಿಲ್ಲೆಗೆ ಬಂದರೆ ಒಳ್ಳೆಯದೇ ಅಲ್ಲವೇ? ಇದರಲ್ಲಿ ಮಾನವ ಹಕ್ಕಿನ ಮಾತು ಎಲ್ಲಿಂದ ಬಂತು?

ಬರಲಿ. ನಂಜನಗೂಡಿನಲ್ಲಿ ಸ್ವಿಟ್ಜರ್ಲೆಂಡ್ ಮೂಲದ ನೆಸ್ಲೆ, ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಾರ್ಖಾನೆಗಳು ವರ್ಷಗಳಿಂದ ನಡೆಯುತ್ತಿವೆ. ಅಲ್ಲಿನ ಸಂಬಳದಿಂದ ಮಕ್ಕಳನ್ನು ಓದಿಸಿದ ಮನೆಗಳಿವೆ. ಬಂಡವಾಳವೇ ಕೇಡು ಎಂದು ನಾನು ಹೇಳುವುದಿಲ್ಲ. ಲಾಭ ಮೊದಲು ಯಾರಿಗೆ, ಹೊರೆ ಯಾರ ಮೇಲೆ, ತಕರಾರು ಬಂದರೆ ಕೇಳುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಅವುಗಳನ್ನು ನಡೆಸುತ್ತಿದ್ದದ್ದು ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ರಾಜಧಾನಿ ಮೈಸೂರಿಗೆ 1908ರಲ್ಲಿ. ಹೊಳೆಯ ದಡದ ಹಳ್ಳಿಗಳು ಇನ್ನೂ ಬಹಳ ಕಾಲ ಕತ್ತಲಲ್ಲೇ ಇದ್ದವು. ಆ ಯೋಜನೆಯಿಂದ ನಾಡಿಗೆ ಮುಂದೆ ಆದ ಉಪಕಾರ ದೊಡ್ಡದು, ನಿಜ. ಆದರೆ ಯಾರಿಗೆ ಮೊದಲು ಎಂಬುದನ್ನು ತೀರ್ಮಾನಿಸುವಾಗ ದಡದವರನ್ನು ಯಾರೂ ಕೇಳಿರಲಿಲ್ಲ.

ಪ್ರಾದೇಶಿಕ ಕಾನೂನು ಎಂದರೆ ಕರ್ನಾಟಕದ ಕಾಯ್ದೆಗಳೇ?

ಅಲ್ಲ. ಅಕ್ಕಪಕ್ಕದ ಹಲವು ದೇಶಗಳು ಸೇರಿ ಮಾಡಿಕೊಂಡು, ತಮ್ಮೆಲ್ಲರನ್ನೂ ಕಟ್ಟಿಹಾಕಿಕೊಂಡ ಕಾನೂನು ಇದು. ಆಫ್ರಿಕಾದ ದೇಶಗಳು 1981ರಲ್ಲಿ ಅಂಗೀಕರಿಸಿದ ಮಾನವ ಮತ್ತು ಜನತೆಗಳ ಹಕ್ಕುಗಳ ಸನ್ನದು, ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಹೂಡಿಕೆ ಒಪ್ಪಂದ ಇದಕ್ಕೆ ಉದಾಹರಣೆಗಳು. ಒಂದು ದೇಶದ ಸರ್ಕಾರವೇ ಅನ್ಯಾಯ ಮಾಡಿದಾಗ ಆ ದೇಶದ ಪ್ರಜೆ ಗಡಿಯಾಚೆಗೆ ಹೋಗಿ ದೂರು ಕೊಡಲು ಕೆಲವು ಪ್ರದೇಶಗಳಲ್ಲಿ ಅವಕಾಶವಿದೆ. ನಮ್ಮಲ್ಲಿ ಇಲ್ಲ. ಆ ವಿಚಾರ ಮುಂದೆ ಬರುತ್ತದೆ.

ಹೂಡಿಕೆ ಒಪ್ಪಂದದಲ್ಲಿ ಏನಿರುತ್ತದೆ?

ಎರಡು ದೇಶಗಳು ಪರಸ್ಪರ ಕೊಡುವ ಭರವಸೆ ಇರುತ್ತದೆ: ನಿನ್ನ ದೇಶದ ಹೂಡಿಕೆದಾರನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತೇನೆ, ಅವನ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳುವುದಿಲ್ಲ, ಲಾಭವನ್ನು ತವರಿಗೆ ಒಯ್ಯಲು ಬಿಡುತ್ತೇನೆ. ಇಂಥ ಮೊದಲ ಒಪ್ಪಂದ 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆಯಿತು. ಭಾರತದ ಮೊದಲನೆಯದು 1994ರಲ್ಲಿ ಬ್ರಿಟನ್ ಜೊತೆ.

ಭರವಸೆ ಮುರಿದರೆ ಕಂಪನಿ ಆ ದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂದೇನೂ ಇಲ್ಲ. ನೇರವಾಗಿ ಸರ್ಕಾರದ ವಿರುದ್ಧ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು. ಸಾಮಾನ್ಯವಾಗಿ ಮೂವರು ಮಧ್ಯಸ್ಥರು: ಕಂಪನಿಯ ಕಡೆಯಿಂದ ಒಬ್ಬರು, ಸರ್ಕಾರದ ಕಡೆಯಿಂದ ಒಬ್ಬರು, ಅಧ್ಯಕ್ಷರೊಬ್ಬರು. ವಿಶ್ವಬ್ಯಾಂಕ್ ಗುಂಪಿನಲ್ಲಿ ಇದಕ್ಕೆಂದೇ 1966ರಿಂದ ಒಂದು ಕೇಂದ್ರವಿದೆ. ಭಾರತ ಅದರ ಸದಸ್ಯ ಅಲ್ಲ. ಆದರೆ ಬೇರೆ ನಿಯಮಗಳ ಅಡಿ ಬಂದ ಮಧ್ಯಸ್ಥಿಕೆ ತೀರ್ಪನ್ನೂ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬಲದಿಂದ ಹಲವು ದೇಶಗಳಲ್ಲಿ ಜಾರಿ ಮಾಡಿಸಬಹುದು. ಅಂದರೆ ಸೋತ ಸರ್ಕಾರದ ಆಸ್ತಿ ಅಂಥ ಯಾವ ದೇಶದಲ್ಲಿದ್ದರೂ ಕಂಪನಿ ಅದರ ಬೆನ್ನು ಹತ್ತಬಹುದು. ಆ ಯೋಜನೆಗೆ ಜಮೀನು ಕಳೆದುಕೊಂಡ ಊರಿನವರು ಮಾತ್ರ ಆ ಕೋಣೆಯಲ್ಲಿ ಪಕ್ಷಗಾರರಲ್ಲ. ಹೆಚ್ಚೆಂದರೆ ಅಹವಾಲಿನ ಪತ್ರವೊಂದನ್ನು ಒಳಗೆ ಕಳಿಸಲು ಅನುಮತಿ ಕೇಳಬಹುದು.

ಭಾರತ ಇಂಥ ಪ್ರಕರಣದಲ್ಲಿ ಸೋತಿದೆಯೇ?

ಸೋತಿದೆ. ವೊಡಾಫೋನ್ ಮತ್ತು ಕೇರ್ನ್ ತೆರಿಗೆ ಪ್ರಕರಣಗಳ ತೀರ್ಪು 2020ರಲ್ಲಿ ಭಾರತದ ವಿರುದ್ಧ ಬಂತು. 2021ರಲ್ಲಿ ಸಂಸತ್ತು, ಮುಗಿದ ವ್ಯವಹಾರಗಳಿಗೂ ಹಿಂದಿನಿಂದ ಅನ್ವಯವಾಗುತ್ತಿದ್ದ ಆ ಪೂರ್ವಾನ್ವಯ ತೆರಿಗೆಯನ್ನೇ ಕೈಬಿಟ್ಟಿತು. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅದಕ್ಕಿಂತ ಸಣ್ಣ ಮೊತ್ತದ ಒಂದು ಪ್ರಕರಣ. ಅದನ್ನು ಬಿಡಿಸಿ ಹೇಳುತ್ತೇನೆ.

ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಎಂಬ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜೊತೆ ಕಲ್ಲಿದ್ದಲು ಗಣಿಯೊಂದರ ಕರಾರು ಮಾಡಿಕೊಂಡಿತ್ತು. ಜಗಳ ಬಂತು, ಮಧ್ಯಸ್ಥಿಕೆಯಲ್ಲಿ 2002ರಲ್ಲಿ ಕಂಪನಿ ಗೆದ್ದಿತು. ಆ ಹಣವನ್ನು ವಸೂಲು ಮಾಡಲು ಭಾರತದ ನ್ಯಾಯಾಲಯಗಳಲ್ಲಿ ಹಾಕಿದ ಅರ್ಜಿ ಮಾತ್ರ ವರ್ಷಗಟ್ಟಲೆ ಕದಲಲಿಲ್ಲ. ಕಡೆಗೆ ಕಂಪನಿ ಭಾರತ ಸರ್ಕಾರದ ಮೇಲೆಯೇ ಹೂಡಿಕೆ ಒಪ್ಪಂದದ ಅಡಿ ದಾವೆ ಹೂಡಿತು. ನ್ಯಾಯಾಲಯದ ವಿಳಂಬವೇ ಒಪ್ಪಂದದ ಉಲ್ಲಂಘನೆ ಎಂದು 2011ರಲ್ಲಿ ತೀರ್ಪಾಯಿತು. ಗಮನಿಸಿ: ಹಕ್ಕು ಸಾಧಿಸಲು ಪರಿಣಾಮಕಾರಿ ವ್ಯವಸ್ಥೆ ಕೊಡುತ್ತೇವೆ ಎಂಬ ಮಾತು ಆಸ್ಟ್ರೇಲಿಯಾದ ಒಪ್ಪಂದದಲ್ಲಿ ಇರಲೇ ಇಲ್ಲ. ಅದು ಭಾರತ–ಕುವೈತ್ ಒಪ್ಪಂದದಲ್ಲಿತ್ತು. ಬೇರೆ ದೇಶಕ್ಕೆ ಕೊಟ್ಟ ಸವಲತ್ತನ್ನು ನಿನಗೂ ಕೊಡುತ್ತೇನೆ ಎನ್ನುವ ‘ಪರಮಾಪ್ತ ರಾಷ್ಟ್ರ’ದ ಷರತ್ತು ಹಿಡಿದು ಅದನ್ನು ಇಲ್ಲಿಗೆ ತರಲು ನ್ಯಾಯಮಂಡಳಿ ಒಪ್ಪಿತು. ಭಾರತ 40 ಲಕ್ಷಕ್ಕೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್ ಮತ್ತು ಬಡ್ಡಿ ಕೊಡಬೇಕಾಯಿತು.

ಈಗ ಅದೇ ವಿಳಂಬವನ್ನು ನಮ್ಮ ರಸ್ತೆಯ ಮೇಲೆ ನೋಡಿ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಗೆ 1995ರ ಫೆಬ್ರುವರಿಯಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಬಿದ್ದಾಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಸಮ್ಮುಖದಲ್ಲಿದ್ದರು. ಯೋಜನೆ ಕೈಗೊಂಡ ಕಂಪನಿಗಳ ಕೂಟದಲ್ಲಿ ಅಮೆರಿಕದವೂ ಇದ್ದವು. ಯೋಜನೆಗೆ ಬೇಕೆಂದದ್ದು 20,193 ಎಕರೆ. ಅದಕ್ಕಾಗಿ ಬೆಂಗಳೂರಿನ ಬದಿಯ ಕೆಲವರ ಜಮೀನಿಗೆ 2003ರಲ್ಲಿ ಅಧಿಸೂಚನೆಯಾಗಿ, 2005ರಲ್ಲಿ ಸ್ವಾಧೀನವೂ ಆಯಿತು. ಪರಿಹಾರದ ಐತೀರ್ಪು ಹೊರಬಿದ್ದದ್ದು 2019ರಲ್ಲಿ. ಜಮೀನು ಹೋದವರು ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ, 2025ರ ಜನವರಿ 2ರಂದು, ಪರಿಹಾರವನ್ನು 2003ರ ದರದಲ್ಲಲ್ಲ, 2019ರ ಏಪ್ರಿಲ್ 22ರ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಬೇಕೆಂದು ಆದೇಶವಾಯಿತು. ನ್ಯಾಯಾಲಯ ನ್ಯಾಯವನ್ನೇ ಮಾಡಿತು. ಆದರೆ ಅಷ್ಟರಲ್ಲಿ ಅಧಿಸೂಚನೆಯಾಗಿ ಇಪ್ಪತ್ತೆರಡು ವರ್ಷ ಕಳೆದಿತ್ತು.

ಕಾದದ್ದು ಕಂಪನಿಯೂ ಹೌದು, ಜಮೀನಿನ ಒಡೆಯರೂ ಹೌದು. ಆಸ್ಟ್ರೇಲಿಯಾದ ಕಂಪನಿಗೆ, ಕಾಯಿಸಿದ್ದೇ ತಪ್ಪು ಎಂದು ಹೇಳಬಲ್ಲ ಇನ್ನೊಂದು ಪೀಠ ದೇಶದ ಹೊರಗಿತ್ತು. ನಮ್ಮವರಿಗೆ ಇರಲಿಲ್ಲ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಆ ಒಪ್ಪಂದಗಳು ಈಗಲೂ ಜಾರಿಯಲ್ಲಿವೆಯೇ?

ಹೆಚ್ಚಿನವು ಇಲ್ಲ. ಭಾರತ 2015ರ ಕೊನೆಯಲ್ಲಿ ಹೊಸ ಮಾದರಿ ಒಪ್ಪಂದವನ್ನು ರೂಪಿಸಿ, ಹಳೆಯ ಬಹುಪಾಲು ಒಪ್ಪಂದಗಳನ್ನು ಮುಂದಿನ ವರ್ಷಗಳಲ್ಲಿ ರದ್ದು ಮಾಡಿತು. ಹೊಸ ಮಾದರಿಯಂತೆ ಕಂಪನಿ ಮೊದಲು ಐದು ವರ್ಷ ಇಲ್ಲಿನ ನ್ಯಾಯಾಲಯಗಳಲ್ಲಿ ಪ್ರಯತ್ನಿಸಬೇಕು. ತೆರಿಗೆ ವಿಷಯ ಮಧ್ಯಸ್ಥಿಕೆಯ ಹೊರಗೆ. ಸಂಯುಕ್ತ ಅರಬ್ ಸಂಸ್ಥಾನದೊಡನೆ 2024ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಆ ಐದು ವರ್ಷ ಮೂರಕ್ಕೆ ಇಳಿಯಿತು. ರದ್ದಾದ ಒಪ್ಪಂದಗಳಲ್ಲೂ ಹಳೆಯ ಹೂಡಿಕೆಗೆ ಹಲವು ವರ್ಷ ರಕ್ಷಣೆ ಮುಂದುವರಿಸುವ ಷರತ್ತುಗಳಿವೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಬಡ ದೇಶಗಳಿಗೆ ಇದರ ಪೆಟ್ಟು ಎಷ್ಟು?

ಒಂದೇ ಉದಾಹರಣೆ ಸಾಕು. ಬಲೂಚಿಸ್ತಾನದ ರೇಕೋ ಡಿಕ್ ತಾಮ್ರದ ಗಣಿಗೆ ಪರವಾನಗಿ ನಿರಾಕರಿಸಿದ್ದಕ್ಕೆ ಪಾಕಿಸ್ತಾನ ಸುಮಾರು 580 ಕೋಟಿ ಡಾಲರ್ ಕೊಡಬೇಕೆಂದು 2019ರಲ್ಲಿ ತೀರ್ಪಾಯಿತು. ಅದೇ ವರ್ಷ ಐಎಂಎಫ್ ಆ ದೇಶವನ್ನು ಮುಳುಗದಂತೆ ಎತ್ತಲು ಒಪ್ಪಿದ ಸಾಲ ಸುಮಾರು 600 ಕೋಟಿ ಡಾಲರ್. 2022ರಲ್ಲಿ ರಾಜಿಯಾಯಿತು, ಗಣಿ ಯೋಜನೆಗೆ ಮತ್ತೆ ಜೀವ ಬಂತು. ಇಷ್ಟು ದೊಡ್ಡ ಹೊರೆ ತಲೆಯ ಮೇಲೆ ತೂಗುತ್ತಿದ್ದರೆ ಯಾವ ಸರ್ಕಾರ ತಾನೇ ಊರವರ ಮಾತು ಕೇಳಿ ಗಣಿಯನ್ನು ಬೇಡ ಎಂದೀತು?

ಆಫ್ರಿಕಾದಲ್ಲಿ ಜನರಿಗೆ ನಿಜವಾಗಿಯೂ ದೂರು ಕೊಡಲು ಜಾಗವಿದೆಯೇ?

ಇದೆ, ಮತ್ತು ಅಲ್ಲಿ ಗೆದ್ದ ಕಥೆಗಳನ್ನು ನಮ್ಮಲ್ಲಿ ಹೆಚ್ಚು ಜನ ಓದಬೇಕು. ನೈಜೀರಿಯಾದ ಒಗೋನಿ ಜನರ ಹೊಲ, ಹಳ್ಳಗಳನ್ನು ಎಣ್ಣೆ ಬಾವಿಗಳು ಹಾಳುಗೆಡವಿದ್ದವು. ಅಲ್ಲಿ ಸರ್ಕಾರಿ ಕಂಪನಿಯ ಪಾಲುದಾರ ಶೆಲ್. ಆಫ್ರಿಕಾದ ಮಾನವ ಹಕ್ಕು ಆಯೋಗ 2001ರಲ್ಲಿ ಕೊಟ್ಟ ತೀರ್ಮಾನದಲ್ಲಿ ತಪ್ಪು ಹೊರಿಸಿದ್ದು ಸರ್ಕಾರದ ಮೇಲೆ: ಕಂಪನಿಯ ಕೈಯಿಂದ ಜನರನ್ನು ಕಾಪಾಡುವುದು ನಿನ್ನ ಕರ್ತವ್ಯವಾಗಿತ್ತು, ನೀನು ಕಾಪಾಡಲಿಲ್ಲ. ಆಹಾರ, ವಸತಿ, ಆರೋಗ್ಯಕರ ಪರಿಸರ, ನೈಸರ್ಗಿಕ ಸಂಪತ್ತಿನ ಮೇಲಿನ ಹಕ್ಕುಗಳೆಲ್ಲವೂ ಅದರಲ್ಲಿ ಬಂದವು. 2012ರಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಸಮುದಾಯದ ನ್ಯಾಯಾಲಯವೂ ನೈಜರ್ ನದೀಮುಖಜ ಪ್ರದೇಶದ ಮಾಲಿನ್ಯಕ್ಕೆ ನೈಜೀರಿಯಾವನ್ನೇ ಹೊಣೆ ಮಾಡಿತು.

ಕೀನ್ಯಾದ ಮಾವ್ ಎಂಬ ಕಾಡಿನಲ್ಲಿ ಜೇನು ಬಿಡಿಸಿ ಬದುಕುವ ಒಗಿಯೆಕ್ ಜನರನ್ನು, ಕಾಡು ಉಳಿಸಬೇಕು ಎಂಬ ಕಾರಣ ಕೊಟ್ಟು ಸರ್ಕಾರ ಎಬ್ಬಿಸಿತ್ತು. ಆಫ್ರಿಕಾದ ನ್ಯಾಯಾಲಯ 2017ರ ಮೇ 26ರಂದು ಅದನ್ನು ಒಪ್ಪಲಿಲ್ಲ. ಕಾಡು ಕರಗಿದ್ದಕ್ಕೆ ಈ ಜನ ಕಾರಣರಲ್ಲ ಎಂದಿತು. 2022ರಲ್ಲಿ ಪರಿಹಾರಕ್ಕೂ, ಪೂರ್ವಿಕರ ಭೂಮಿಯನ್ನು ಹಕ್ಕುಪತ್ರ ಸಹಿತ ಮರಳಿಸಲಿಕ್ಕೂ ಆದೇಶಿಸಿತು. ಎಚ್.ಡಿ. ಕೋಟೆಯ ಬುಡಕಟ್ಟು ಜನರ ಹಾಡಿಗಳನ್ನು ಕಂಡವರಿಗೆ ಈ ಪ್ರಕರಣ ದೂರದ್ದು ಅನ್ನಿಸುವುದಿಲ್ಲ.

ಆದರೆ ಇಂಥ ನ್ಯಾಯಾಲಯವನ್ನು ಮುಚ್ಚಿಸಲೂಬಹುದು ಎಂಬ ಪಾಠವೂ ಆಫ್ರಿಕಾದಿಂದಲೇ ಬಂದಿದೆ. ದಕ್ಷಿಣ ಆಫ್ರಿಕಾ ಪ್ರದೇಶದ ದೇಶಗಳ ನ್ಯಾಯಮಂಡಳಿ 2008ರಲ್ಲಿ, ಜಿಂಬಾಬ್ವೆ ಬಿಳಿಯ ರೈತರ ಜಮೀನನ್ನು ಪರಿಹಾರವಿಲ್ಲದೆ ಕಿತ್ತುಕೊಂಡದ್ದು ತಾರತಮ್ಯ ಎಂದು ತೀರ್ಪು ಕೊಟ್ಟಿತು. ವಸಾಹತು ಕಾಲದಲ್ಲಿ ಭೂಮಿ ಕಳೆದುಕೊಂಡವರ ನೋವೂ ಆ ಪ್ರಕರಣದ ಹಿಂದಿತ್ತು. ಹಾಗಾಗಿ ಅದು ಸುಲಭದ ಪ್ರಕರಣವಲ್ಲ. ಜಿಂಬಾಬ್ವೆ ತೀರ್ಪನ್ನು ಧಿಕ್ಕರಿಸಿತು. ಉಳಿದ ದೇಶಗಳ ನಾಯಕರು ಜಿಂಬಾಬ್ವೆಗೆ ಬುದ್ಧಿ ಹೇಳುವ ಬದಲು 2010ರಲ್ಲಿ ನ್ಯಾಯಮಂಡಳಿಯನ್ನೇ ಅಮಾನತಿನಲ್ಲಿಟ್ಟರು. 2012ರಲ್ಲಿ ಪ್ರಜೆಗಳ ದೂರನ್ನು ಅದರ ವ್ಯಾಪ್ತಿಯಿಂದ ತೆಗೆಯಲು ನಿರ್ಧರಿಸಿದರು. ಇದರಲ್ಲಿ ತಮ್ಮ ರಾಷ್ಟ್ರಾಧ್ಯಕ್ಷರು ಪಾಲ್ಗೊಂಡದ್ದು ಸಂವಿಧಾನಬಾಹಿರ ಎಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2018ರಲ್ಲಿ ಹೇಳಿತು. ನ್ಯಾಯಾಧೀಶರ ಧೈರ್ಯ ಎಷ್ಟೇ ಇರಲಿ, ಸರ್ಕಾರಗಳಿಗೆ ಇಷ್ಟವಿಲ್ಲದ ದಿನ ಪ್ರಾದೇಶಿಕ ನ್ಯಾಯಾಲಯ ದುರ್ಬಲವೇ.

ಹೂಡಿಕೆ ಒಪ್ಪಂದ ಮತ್ತು ಮಾನವ ಹಕ್ಕು ಎದುರುಬದುರಾದರೆ ಯಾವುದು ಮೇಲು?

ಇದಕ್ಕೆ ನೇರವಾದ ಉತ್ತರ ಸಿಕ್ಕಿರುವುದು ಪರಾಗ್ವೆಯ ಪ್ರಕರಣದಲ್ಲಿ. ಅಲ್ಲಿನ ಸಾವೋಯಾಮಾಕ್ಸಾ ಎಂಬ ಮೂಲನಿವಾಸಿ ಸಮುದಾಯದ ಭೂಮಿ ಜರ್ಮನಿಯ ಹೂಡಿಕೆದಾರರೊಬ್ಬರ ಒಡೆತನದಲ್ಲಿತ್ತು. ಜನ ಹೆದ್ದಾರಿಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನೀರಿಲ್ಲದೆ, ಔಷಧಿಯಿಲ್ಲದೆ ಮಕ್ಕಳೂ ಸೇರಿ ಹಲವರು ಸತ್ತರು. ಜರ್ಮನಿಯೊಡನೆ ಹೂಡಿಕೆ ಒಪ್ಪಂದವಿದೆ, ಭೂಮಿ ವಾಪಸು ಪಡೆಯಲಾರೆವು ಎಂದಿತು ಸರ್ಕಾರ. ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2006ರ ಮಾರ್ಚ್ 29ರ ತೀರ್ಪಿನಲ್ಲಿ ಆ ನೆಪವನ್ನು ತಳ್ಳಿಹಾಕಿತು. ಸಾರ್ವಜನಿಕ ಉದ್ದೇಶಕ್ಕೆ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳಲು ಆ ಒಪ್ಪಂದವೇ ಅವಕಾಶ ಕೊಡುತ್ತದೆ. ಜನರಿಗೆ ಭೂಮಿ ಮರಳಿಸುವುದೂ ಸಾರ್ವಜನಿಕ ಉದ್ದೇಶ ಏಕಾಗಬಾರದು? ವ್ಯಾಪಾರದ ಒಪ್ಪಂದವನ್ನು ಮಾನವ ಹಕ್ಕಿನ ಒಡಂಬಡಿಕೆಗೆ ಹೊಂದುವಂತೆ ಓದಬೇಕೇ ಹೊರತು ಅದನ್ನು ಮೀರುವಂತೆ ಅಲ್ಲ ಎಂಬುದು ತೀರ್ಪಿನ ಸಾರ. 2014ರಲ್ಲಿ ಪರಾಗ್ವೆಯ ಸಂಸತ್ತು ಕಾನೂನು ಮಾಡಿ 14,404 ಹೆಕ್ಟೇರ್ ಭೂಮಿಯನ್ನು ಆ ಸಮುದಾಯಕ್ಕಾಗಿ ಸ್ವಾಧೀನಪಡಿಸಿಕೊಂಡಿತು.

ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಕಾನೂನು ವಿದ್ಯಾರ್ಥಿ ಒಂದೇ ತೀರ್ಪು ಓದುವುದಾದರೆ ಇದನ್ನೇ ಓದಬೇಕು.

ದಕ್ಷಿಣ ಏಷ್ಯಾದಲ್ಲಿ ಅಂಥ ನ್ಯಾಯಾಲಯ ಏಕಿಲ್ಲ?

ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಸನ್ನದಿನಲ್ಲೇ ದ್ವಿಪಕ್ಷೀಯ ಮತ್ತು ವಿವಾದದ ವಿಷಯಗಳನ್ನು ಚರ್ಚೆಯಿಂದ ಹೊರಗಿಟ್ಟಿದ್ದಾರೆ. ಮಾನವ ಹಕ್ಕು ಆಯೋಗವೂ ಇಲ್ಲ, ನ್ಯಾಯಾಲಯವೂ ಇಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಗೆ ವ್ಯಕ್ತಿಗಳು ದೂರು ಕೊಡಲು ಅವಕಾಶ ಕೊಡುವ ಐಚ್ಛಿಕ ಪ್ರೋಟೊಕಾಲ್ ಅನ್ನೂ ಭಾರತ ಒಪ್ಪಿಲ್ಲ. ಹೀಗಾಗಿ ಮಂಡ್ಯದ ರೈತನಿಗೆ ಹೈಕೋರ್ಟ್, ಸುಪ್ರೀಂ ಕೋರ್ಟ್ ದಾಟಿದರೆ ಮುಂದೆ ದಾರಿಯಿಲ್ಲ.

ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ಬೆಳೆಗಾರರಿಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಸಿಗರೇಟು ಪೊಟ್ಟಣದ ಶೇ 80ರಷ್ಟು ಜಾಗದಲ್ಲಿ ಆರೋಗ್ಯದ ಎಚ್ಚರಿಕೆ ಇರಬೇಕೆಂದು ಉರುಗ್ವೆ ನಿಯಮ ಮಾಡಿದಾಗ ಫಿಲಿಪ್ ಮಾರಿಸ್, ಸ್ವಿಟ್ಜರ್ಲೆಂಡ್ ಒಪ್ಪಂದದ ಅಡಿ 2010ರಲ್ಲಿ ಆ ದೇಶದ ಮೇಲೆ ದಾವೆ ಹೂಡಿತು. ಉರುಗ್ವೆಯ ಜನಸಂಖ್ಯೆ ನಮ್ಮ ಮೈಸೂರು ಜಿಲ್ಲೆಗಿಂತ ತುಸು ಹೆಚ್ಚು, ಅಷ್ಟೆ. 2016ರ ಜುಲೈ 8ರಂದು ಉರುಗ್ವೆ ಗೆದ್ದಿತು. ಅದರ ಖರ್ಚಿಗೆ ಕಂಪನಿ 70 ಲಕ್ಷ ಡಾಲರ್ ಕೊಡಬೇಕಾಯಿತು. ಆದರೆ ಆರು ವರ್ಷ ಆ ದಾವೆ ನಡೆದಷ್ಟೂ ಕಾಲ ಬೇರೆ ಸಣ್ಣ ದೇಶಗಳು ಹೆದರಿ ನೋಡುತ್ತಿದ್ದವು.

ಭಾರತದಲ್ಲಿ ಶೇ 85ರ ಎಚ್ಚರಿಕೆಯ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತ್ತು, ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಆ ತೀರ್ಪಿಗೆ ತಡೆ ಕೊಟ್ಟಿತು. ಸಿಗರೇಟು ತಯಾರಿಕೆಯಲ್ಲಿ ವಿದೇಶಿ ನೇರ ಹೂಡಿಕೆಗೆ ನಮ್ಮಲ್ಲಿ ನಿಷೇಧವೇ ಇದೆ. ಬೆಳೆಗಾರರ ಬಗ್ಗೆ ಒಂದು ಮಾತು: ಆರೋಗ್ಯದ ನಿಯಮ ಬಿಗಿಯಾಗಲಿ, ಆದರೆ ತಂಬಾಕು ಹದಗೊಳಿಸುವ ಬ್ಯಾರನ್ ಕಟ್ಟಲು ಸಾಲ ಮಾಡಿದ ರೈತನಿಗೆ ಬೇರೆ ಬೆಳೆಯ ದಾರಿ ತೋರಿಸದೆ ಕೈಬಿಡುವುದೂ ಹಕ್ಕಿನ ಉಲ್ಲಂಘನೆಯೇ.

ನೀರನ್ನೂ ಕಂಪನಿಗೆ ಕೊಟ್ಟ ದೇಶಗಳಲ್ಲಿ ಏನಾಯಿತು?

ಬೊಲಿವಿಯಾದ ಕೊಚಬಾಂಬಾದಲ್ಲಿ ನೀರಿನ ದರ ಏರಿದಾಗ 2000ದಲ್ಲಿ ಜನ ಬೀದಿಗಿಳಿದರು, ಕರಾರು ಮುರಿಯಿತು. ಅಮೆರಿಕದ ಬೆಕ್ಟೆಲ್ ಪಾಲು ಹೊಂದಿದ್ದ ಕಂಪನಿ ಮಧ್ಯಸ್ಥಿಕೆಗೆ ಹೋಯಿತು. ಜಗತ್ತಿನಾದ್ಯಂತ ಛೀಮಾರಿ ಬಿದ್ದ ಮೇಲೆ 2006ರಲ್ಲಿ ಸಾಂಕೇತಿಕವಾಗಿ ಎರಡು ಬೊಲಿವಿಯಾನೋ ನಾಣ್ಯಕ್ಕೆ ಪ್ರಕರಣ ಮುಗಿಯಿತು. ಅರ್ಜೆಂಟೀನಾದ ಉರ್ಬಾಸರ್ ಪ್ರಕರಣದಲ್ಲಿ, ಕಂಪನಿಯೇ ಜನರ ನೀರಿನ ಹಕ್ಕನ್ನು ಮುರಿದಿದೆ ಎಂದು ಸರ್ಕಾರ ಪ್ರತಿದಾವೆ ಹೂಡಿತು. ಅದನ್ನು ಕೇಳುವ ಅಧಿಕಾರ ತನಗಿದೆ ಎಂದು 2016ರಲ್ಲಿ ನ್ಯಾಯಮಂಡಳಿ ಒಪ್ಪಿದ್ದು ಹೊಸ ಹೆಜ್ಜೆ. ಆದರೂ ಪ್ರತಿದಾವೆ ಗೆಲ್ಲಲಿಲ್ಲ.

ನಾಗರಹೊಳೆಯವರು ವಿಶ್ವಬ್ಯಾಂಕಿಗೇ ದೂರು ಕೊಟ್ಟಿದ್ದರಂತೆ, ಹೌದೇ?

ಹೌದು. ವಿಶ್ವಬ್ಯಾಂಕ್ 1993ರಲ್ಲಿ ತನ್ನ ಸಾಲದ ಯೋಜನೆಗಳಿಂದ ತೊಂದರೆಯಾದವರ ದೂರು ಕೇಳಲು ತಪಾಸಣಾ ಸಮಿತಿಯನ್ನು ಸ್ಥಾಪಿಸಿತು. ನಾಗರಹೊಳೆಯ ಪರಿಸರ ಅಭಿವೃದ್ಧಿ ಯೋಜನೆಯಲ್ಲಿ ತಮ್ಮನ್ನು ಕೇಳದೆಯೇ ಎಲ್ಲ ನಿರ್ಧಾರವಾಗಿದೆ ಎಂದು ಅಲ್ಲಿನ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ 1998ರಲ್ಲಿ ದೂರಿತು. ತನಿಖೆ ಆಗಬೇಕೆಂದು ತಪಾಸಣಾ ಸಮಿತಿ ಶಿಫಾರಸು ಮಾಡಿತು. ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಅದಕ್ಕೂ ಮೊದಲು, ಕಾಡಿನೊಳಗೆ ಹೋಟೆಲು ಕಟ್ಟುವುದರ ವಿರುದ್ಧ ಇದೇ ಜನರು ಕರ್ನಾಟಕ ಹೈಕೋರ್ಟಿನಲ್ಲಿ 1997ರಲ್ಲಿ ಗೆದ್ದಿದ್ದರು. ಕಾಡಿನ ಹಾಡಿಗಳಿಂದ ವಾಷಿಂಗ್ಟನ್‌ವರೆಗೆ ತಮ್ಮ ದನಿ ಮುಟ್ಟಿಸಿದ ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರ ದೂರು ಬಿದ್ದುಹೋದದ್ದು ಅದರಲ್ಲಿ ಸತ್ವವಿಲ್ಲದೆ ಅಲ್ಲ.

ನಮ್ಮ ದೇಶದ ಕಂಪನಿಗಳು ಹೊರಗೆ ಹೋಗಿ ಹೀಗೆ ಮಾಡಿಲ್ಲವೇ?

ಮಾಡಿವೆ ಎಂಬ ದೂರುಗಳಿವೆ, ಅದನ್ನು ಮುಚ್ಚಿಡಬಾರದು. ಬೆಂಗಳೂರಿನ ಕರುತುರಿ ಗ್ಲೋಬಲ್, ಇಥಿಯೋಪಿಯಾದ ಗ್ಯಾಂಬೆಲಾದಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆ ಪಡೆದಿತ್ತು. ಭೂಮಿಯನ್ನು ನೆಚ್ಚಿದ್ದ ಸ್ಥಳೀಯರ ಪರವಾಗಿ ಜಗತ್ತಿನ ಹಲವೆಡೆ ದನಿ ಎದ್ದಿತು. 2015ರ ಕೊನೆಯಲ್ಲಿ ಸರ್ಕಾರ ಗುತ್ತಿಗೆಯನ್ನು ರದ್ದು ಮಾಡಿತು. ಜಾಂಬಿಯಾದ ಹಳ್ಳಿಯವರು ತಮ್ಮ ನೀರು ಕೆಡಿಸಿದ ತಾಮ್ರದ ಗಣಿಗೆ ಸಂಬಂಧಿಸಿ, ಭಾರತೀಯ ಮೂಲದವರು ಬ್ರಿಟನ್ನಿನಲ್ಲಿ ನೋಂದಾಯಿಸಿದ ವೇದಾಂತ ಕಂಪನಿಯ ಮೇಲೆ ಲಂಡನ್ನಿನಲ್ಲೇ ದಾವೆ ಹೂಡಬಹುದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಹೇಳಿತು. ಮಾತೃ ಕಂಪನಿಯನ್ನು ಅದರ ನೆಲದಲ್ಲೇ ಹಿಡಿಯುವ ಈ ದಾರಿ ಬಲವಾಗುತ್ತಿದೆ. ಗುಜರಾತಿನ ಮುಂದ್ರಾದ ಮೀನುಗಾರರು ಖಾಸಗಿ ಯೋಜನೆಗಳಿಗೆ ಸಾಲ ಕೊಡುವ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಮೇಲೆ ಅಮೆರಿಕದಲ್ಲಿ ಹೂಡಿದ ದಾವೆಯಲ್ಲಿ, ಅಂಥ ಸಂಸ್ಥೆಗೆ ದಾವೆಯಿಂದ ಪೂರ್ಣ ವಿನಾಯಿತಿ ಇಲ್ಲ ಎಂದು 2019ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಕೆಳಹಂತದಲ್ಲಿ ಕಡೆಗೆ ಅವರ ದಾವೆ ನಿಲ್ಲಲಿಲ್ಲ.

ಒಪ್ಪಂದದಲ್ಲೇ ಕಂಪನಿಗೆ ಕರ್ತವ್ಯ ವಿಧಿಸಲು ಆಗದೇ?

ಆಗುತ್ತದೆ. ಮೊರಾಕೊ ಮತ್ತು ನೈಜೀರಿಯಾ 2016ರಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಹೂಡಿಕೆದಾರ ಪರಿಸರ ಪರಿಣಾಮದ ಅಧ್ಯಯನ ಮಾಡಲೇಬೇಕು, ಮಾನವ ಹಕ್ಕನ್ನು ಎತ್ತಿಹಿಡಿಯಲೇಬೇಕು. ಭಾರತದ 2015ರ ಮಾದರಿಯಲ್ಲಿ ಸಾಮಾಜಿಕ ಜವಾಬ್ದಾರಿಯ ವಿಧಿ ಇದೆ, ಆದರೆ ಅದು ಕಂಪನಿಯ ಸ್ವಇಚ್ಛೆಗೆ ಬಿಟ್ಟದ್ದು. ನಾವು ಮೊದಲ ಅರ್ಧ ದಾರಿ ನಡೆದು ನಿಂತಿದ್ದೇವೆ: ಸರ್ಕಾರದ ಖಜಾನೆಯನ್ನು ಕಾಪಾಡಿಕೊಂಡೆವು, ಊರವರಿಗೆ ಹೊಸ ಹಕ್ಕು ಕೊಡಲಿಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ಲಿಥಿಯಂ ವಿಷಯ ಏನು?

ಮರಳಗಾಲ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ನಿಕ್ಷೇಪದ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ಮಾಡಿದೆ. ಪ್ರಾಥಮಿಕ ಅಂದಾಜು ಅದು, ನಾಳೆಯೇ ಗಣಿ ತೆರೆಯುತ್ತದೆ ಎಂದಲ್ಲ. ಆದರೆ ಕಾನೂನು ಬದಲಾಗಿದೆ: 2023ರ ತಿದ್ದುಪಡಿಯಿಂದ ಲಿಥಿಯಂ ಪರಮಾಣು ಖನಿಜಗಳ ಮೀಸಲು ಪಟ್ಟಿಯಿಂದ ಹೊರಬಂತು, ಖಾಸಗಿಯವರಿಗೆ ತೆರೆಯಿತು, ಹರಾಜಿನ ಅಧಿಕಾರ ಕೇಂದ್ರಕ್ಕೆ ಹೋಯಿತು. ಗಣಿಗಾರಿಕೆಯಲ್ಲಿ ಶೇ 100ರಷ್ಟು ವಿದೇಶಿ ಹೂಡಿಕೆಗೂ ಅವಕಾಶವಿದೆ. ಹಾಗಾಗಿ ಸುತ್ತಲಿನ ಗ್ರಾಮ ಪಂಚಾಯಿತಿಗಳು ಈಗಲೇ ತಮ್ಮ ಬಾವಿ, ಕೆರೆ, ನಾಲೆಗಳ ಸ್ಥಿತಿಯನ್ನು, ನೀರಿನ ಪರೀಕ್ಷೆಯ ವರದಿ ಸಹಿತ, ದಾಖಲೆ ಮಾಡಿಡಬೇಕು. ಒಗೋನಿ ಜನರಂಥವರಿಗೆ ಎಲ್ಲ ಕಡೆ ಎದುರಾಗುವ ಮೊದಲ ವಾದವೇ, ಇಲ್ಲಿ ನೀರು ಮುಂಚೆ ಹೇಗಿತ್ತು ಎಂಬುದಕ್ಕೆ ಪುರಾವೆ ಎಲ್ಲಿದೆ ಎಂಬುದು.

ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸ್ ಬಂದರೆ ಏನು ಮಾಡಬೇಕು?

ಮೊದಲು ಯಾವ ಕಾಯ್ದೆಯ ಅಡಿ ಬಂದಿದೆ ನೋಡಿ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಶೇ 80ರಷ್ಟು, ಸರ್ಕಾರಿ–ಖಾಸಗಿ ಪಾಲುದಾರಿಕೆಗಾದರೆ ಶೇ 70ರಷ್ಟು ಕುಟುಂಬಗಳ ಒಪ್ಪಿಗೆ ಬೇಕು. ಕೆಐಎಡಿಬಿ ಬಳಸುವ 1966ರ ರಾಜ್ಯ ಕಾಯ್ದೆಯಲ್ಲಿ ಅಂಥ ಷರತ್ತಿಲ್ಲ. ಪ್ರಾಥಮಿಕ ಅಧಿಸೂಚನೆ 28(1), ಅಂತಿಮ ಅಧಿಸೂಚನೆ 28(4). ನಡುವೆ ನಿಮಗೆ ನೋಟಿಸ್ ತಲುಪಿದ 30 ದಿನಗಳಲ್ಲಿ ಆಕ್ಷೇಪಣೆ ಸಲ್ಲಿಸಬೇಕು. ಅದನ್ನು ಕೇಳಿಯೇ ಮುಂದುವರಿಯಬೇಕು. ಊರಿಗೆಲ್ಲ ಸೇರಿ ಒಂದೇ ಮನವಿ ಕೊಟ್ಟು ಸುಮ್ಮನಾಗಬೇಡಿ. ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರ್ ಬರೆದು, ಪಹಣಿ ಲಗತ್ತಿಸಿ, ಬೆಳೆ, ಕೊಳವೆಬಾವಿ, ತೆಂಗಿನ ಮರ, ಮನೆ ಎಲ್ಲವನ್ನೂ ನಮೂದಿಸಿ, ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ ಸ್ವೀಕೃತಿ ಪಡೆಯಿರಿ. ದರದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ; ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಸುಪ್ರೀಂ ಕೋರ್ಟ್ 2024ರ ಮೇ 16ರಂದು ಕೋಲ್ಕತ್ತದ ಪ್ರಕರಣವೊಂದರಲ್ಲಿ, ಆಸ್ತಿಯ ಹಕ್ಕನ್ನು ಕಾಪಾಡುವ ಸಂವಿಧಾನದ 300ಎ ವಿಧಿಯಲ್ಲಿ ಪರಿಹಾರವಷ್ಟೇ ಅಲ್ಲ, ನೋಟಿಸ್ ಪಡೆಯುವ, ಅಹವಾಲು ಹೇಳುವ, ಕಾರಣ ಸಹಿತ ತೀರ್ಮಾನ ಪಡೆಯುವ ಹಕ್ಕುಗಳೂ ಅಡಗಿವೆ ಎಂದಿದೆ. ಆಕ್ಷೇಪಣೆಯಲ್ಲಿ ಅದನ್ನು ಉಲ್ಲೇಖಿಸಿ. ಹೋರಾಟ ವ್ಯರ್ಥ ಎನ್ನುವವರಿಗೆ ದೇವನಹಳ್ಳಿ ತಾಲ್ಲೂಕಿನ ರೈತರು ಉತ್ತರ ಕೊಟ್ಟಿದ್ದಾರೆ: ವರ್ಷಗಳ ಧರಣಿಯ ನಂತರ 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು.

ಕಾರ್ಖಾನೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಯಲೇಬೇಕಲ್ಲವೇ?

ಎಲ್ಲದಕ್ಕೂ ಅಲ್ಲ, ಇಲ್ಲೇ ಅನೇಕರು ಎಡವುವುದು. 2006ರ ಪರಿಸರ ಅಧಿಸೂಚನೆಯಂತೆ, ಅನುಮತಿ ಪಡೆದ ಕೈಗಾರಿಕಾ ಪ್ರದೇಶದ ಒಳಗೆ ಬರುವ ಘಟಕಗಳಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಮಾತು ದಾಖಲಾಗಬೇಕಾದದ್ದು ಕೈಗಾರಿಕಾ ಪ್ರದೇಶವೇ ರೂಪುಗೊಳ್ಳುವ ಹಂತದಲ್ಲಿ. ವಿಚಾರಣೆ ಇದ್ದರೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಕೇಳಿ ಪಡೆಯಿರಿ.

ಪರಿಸರ ಅನುಮತಿ ಆಗಲೇ ಸಿಕ್ಕಿಬಿಟ್ಟಿದ್ದರೆ?

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದಲ್ಲಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ ಅವಕಾಶ ಸಿಗಬಹುದು, ಅದರಾಚೆಗೆ ಇಲ್ಲ. ಖರ್ಚಿಗೆ ಹಿಂಜರಿಯಬೇಡಿ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ಮೈಸೂರಿನಲ್ಲೂ ಮಂಡ್ಯದಲ್ಲೂ ಇದೆ. ಹೋಗುವಾಗ ನೋಟಿಸ್, ಪಹಣಿ, ಆಕ್ಷೇಪಣೆಯ ಸ್ವೀಕೃತಿ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಒಯ್ಯಿರಿ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ.